ಪೂಲ್ ಸುತ್ತಲಿನ ದೀಪ ಕೈಕೊಟ್ಟಾಗ ಮೊದಲು ಕೇಳಬೇಕಾದ್ದು: ಯಾವಾಗ?

ಹುಬ್ಬಳ್ಳಿ-ಧಾರವಾಡದ ಆಚೆ ಕಲಘಟಗಿ ರಸ್ತೆ, ಹಳಿಯಾಳ ರಸ್ತೆ ಕಡೆ ಹೋದರೆ ಈಗ ತೋಟದ ಮನೆಗಳಲ್ಲಿ ಸಣ್ಣ ಸಣ್ಣ ಈಜುಕೊಳ ಕಾಣುತ್ತವೆ. ಕಟ್ಟುವಾಗ ದೀಪದ ನೆನಪು ಯಾರಿಗೂ ಇರುವುದಿಲ್ಲ. ಟೈಲ್ಸ್ ಕೂತು, ನೀರು ತುಂಬಿ, ಮೊದಲ ಸಂಜೆ ಕತ್ತಲಾದಾಗ ನೆನಪಾಗುತ್ತದೆ. ಆಮೇಲೆ ಪಂಪ್ ರೂಮಿನಿಂದ ಒಂದು ವೈರ್ ಎಳೆದು, ಹುಲ್ಲಿನ ಕೆಳಗೆ ಹೂತು, ನಾಲ್ಕು ಗಾರ್ಡನ್ ಲೈಟ್ ನಿಲ್ಲಿಸುತ್ತಾರೆ. ಬೇಸಿಗೆಯಲ್ಲಿ ಚೆಂದ ಉರಿಯುತ್ತವೆ. ಜೂನ್‌ನಲ್ಲಿ ಮಳೆ ಹಿಡಿದ ರಾತ್ರಿ ನನಗೆ ಫೋನ್ ಬರುತ್ತದೆ. “ಅಣ್ಣಾರ, ಮನಿ ಲೈಟೆಲ್ಲಾ ಹೋಗ್ಯಾವ್ರಿ. ಬೋರ್ಡಿನ್ಯಾಗ ಸ್ವಿಚ್ ಮ್ಯಾಲೆ ಎತ್ತಿದ್ರ ಮತ್ತ ಕೆಳಗ ಬೀಳಾಕತ್ತೈತಿ.”

ಆಗ ನಾನು ಕೇಳುವುದು ಒಂದೇ: ಯಾವಾಗ ಬಿತ್ತು? ಮಳೆ ಬರುತ್ತಿದ್ದಾಗಲೋ, ನಿಂತ ಮರುದಿನವೋ? ಸ್ವಿಚ್ ಹಾಕಿದ ಕೂಡಲೇ, ಇಲ್ಲ ಅರ್ಧ ಗಂಟೆ ಬಿಟ್ಟು? ಪಂಪ್ ಓಡುತ್ತಿತ್ತಾ? ಇಷ್ಟಕ್ಕೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಹಾಗಾಗಿ ಒಂದು ಚೀಟಿಯಲ್ಲಿ ದಿನ, ಹೊತ್ತು, ಮಳೆ ಇತ್ತೋ ಇಲ್ಲವೋ ಅಂತ ಬರೆದಿಟ್ಟುಕೊಳ್ಳಿ. ಒಂದು ಪೈಸೆ ಖರ್ಚಿಲ್ಲ.

ಮುಂದೆ ಬರೆದಿರುವುದರಲ್ಲಿ ಮನೆಯವರು ಮಾಡಬಹುದಾದ ಕೆಲಸವೂ ಇದೆ, ಮುಟ್ಟಲೇಬಾರದ ಕೆಲಸವೂ ಇದೆ. ಮುಟ್ಟಬಾರದ್ದರಿಂದಲೇ ಶುರು ಮಾಡುತ್ತೇನೆ.

ನೀರಿಗೆ ಕೈ ಹಾಕಿದರೆ, ಏಣಿ ಹಿಡಿದರೆ ಜುಮ್ ಅನ್ನುತ್ತದೆ

ಇಲ್ಲಿ ತಪಾಸಣೆ ಇಲ್ಲ. ಎಲ್ಲರನ್ನೂ ನೀರಿನಿಂದ ಹೊರಗೆ ಕರೆಯಿರಿ. ಸ್ಟೀಲ್ ಏಣಿ, ರೇಲಿಂಗ್ ಹಿಡಿಯದೆ, ಜುಮ್ ಅಂದ ಜಾಗದಿಂದ ದೂರದ ಬದಿಗೆ ಬರಲು ಹೇಳಿ. ಆಮೇಲೆ ಒಣ ಕೈ, ಒಣ ಚಪ್ಪಲಿಯಲ್ಲಿ ಹೋಗಿ ಮನೆಯ ಮೇನ್ ಸ್ವಿಚ್ ಇಳಿಸಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದನ್ನೂ ಆರಿಸಿ. ಇದನ್ನು ಬಹಳ ಜನ ಮರೆಯುತ್ತಾರೆ. ಮೇನ್ ಇಳಿಸಿದ್ದೇ ತಡ, ಇನ್ವರ್ಟರ್ ತಾನೇ ಎದ್ದು ಅದೇ ವೈರಿಗೆ ಮತ್ತೆ 230 ವೋಲ್ಟ್ ಕೊಟ್ಟಿರುತ್ತದೆ.

“ಸ್ವಲ್ಪೇ ಜುಮ್ ಅಂತೈತಿ, ಏನಾಗಂಗಿಲ್ಲ” ಅನ್ನುವವರಿದ್ದಾರೆ. ಒಣ ನೆಲದ ಮೇಲೆ ನಿಂತಾಗ ನಮ್ಮ ಚರ್ಮ ಕರೆಂಟನ್ನು ಸ್ವಲ್ಪ ತಡೆಯುತ್ತದೆ. ಮೈಯೆಲ್ಲಾ ಒದ್ದೆಯಾದಾಗ ಆ ತಡೆ ಬಹಳ ಕಡಿಮೆ. ಒಣ ಕೈಗೆ ಜುಮ್ ಅಂದ ಅದೇ ಸೋರಿಕೆ ನೀರೊಳಗೆ ಸ್ನಾಯು ಹಿಡಿದುಬಿಡುತ್ತದೆ. ಈಜು ಬರುವವನೂ ಕೈಕಾಲು ಆಡಿಸಲಾಗದೆ ಮುಳುಗುತ್ತಾನೆ. ಯಾರಾದರೂ ಹಾಗೆ ಸಿಕ್ಕಿಕೊಂಡರೆ ಹಿಂದೆಯೇ ಹಾರಬೇಡಿ. ಮೊದಲು ಕರೆಂಟ್ ತೆಗೆಯಿರಿ. ಆಮೇಲೆ ಒಣಗಿದ ಬಿದಿರು ಗಳ, ಪ್ಲಾಸ್ಟಿಕ್ ಪೈಪ್ ಅಥವಾ ಹಗ್ಗ ಕೊಟ್ಟು ಎಳೆಯಿರಿ. ಕೊಳ ತೊಳೆಯುವ ಅಲ್ಯೂಮಿನಿಯಂ ಕೋಲು ಬೇಡವೇ ಬೇಡ. ಜೊತೆಗೆ 108ಕ್ಕೆ ಫೋನ್ ಮಾಡಿಸಿ.

ಈ ಸೋರಿಕೆ ಹೊಸ ದೀಪದಿಂದಲೇ ಬಂದಿರಬೇಕು ಅಂತ ಇಲ್ಲ. ಪಂಪ್ ಮೋಟಾರ್ ಒಳಗೆ ಒದ್ದೆಯಾಗಿರಬಹುದು. ಅರ್ಥಿಂಗ್ ಕಡಿದುಹೋಗಿರಬಹುದು. ಕೆಲವು ಸಲ ಬೀದಿ ಕಂಬದ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವೈರ್) ಸಡಿಲವಾಗಿ, ನಿಮ್ಮ ಮನೆ ಪೂರ್ತಿ ಆರಿಸಿದರೂ ಅರ್ಥ್ ವೈರಿನ ಮೂಲಕ ಏಣಿಗೆ ವೋಲ್ಟೇಜ್ ಬರುತ್ತದೆ. ಅದು ಕರೆಂಟ್ ಕಂಪನಿ ಹೆಸ್ಕಾಂನವರ ಕೆಲಸ, 1912ಕ್ಕೆ ದೂರು ಕೊಡಬೇಕು. ಯಾವುದು ಅಂತ ಪತ್ತೆ ಮಾಡುವುದು ಮೀಟರ್ ಇದ್ದವರ ಕೆಲಸ. ಮೇನ್ ಇಳಿಸಿದ ಮೇಲೆ ಹೋಯಿತಾ ಅಂತ ನೀರಿಗೆ ಬೆರಳು ಹಾಕಿ ನೋಡಬೇಡಿ. ಸ್ಕ್ರೂಡ್ರೈವರ್ ಟೆಸ್ಟರನ್ನೂ ಇಲ್ಲಿ ನಂಬಬೇಡಿ. ಕರೆಂಟ್ ಇದ್ದಾಗ ಉರಿಯದೆ, ಇಲ್ಲದಾಗ ಮಿಣುಕಿ ಅದು ಎಷ್ಟೋ ಸಲ ದಾರಿ ತಪ್ಪಿಸಿದೆ.

ಎಲೆಕ್ಟ್ರಿಷಿಯನ್ ಬಂದಾಗ ಒಂದು ಮಾತು ಕೇಳಿ. ಏಣಿ, ರೇಲಿಂಗ್, ಪಂಪ್ ಬಾಡಿ, ಕಾಂಕ್ರೀಟ್ ಒಳಗಿನ ಕಬ್ಬಿಣ ಎಲ್ಲವನ್ನೂ ಒಂದೇ ತಾಮ್ರದ ತಂತಿಯಿಂದ ಜೋಡಿಸಿದ್ದಾರಾ? ಬಾಂಡಿಂಗ್ ಅಂತಾರೆ ಇದಕ್ಕೆ. ಎಲ್ಲ ಲೋಹವೂ ಒಂದೇ ವೋಲ್ಟೇಜ್‌ನಲ್ಲಿದ್ದರೆ ಒಂದನ್ನು ಹಿಡಿದು ಇನ್ನೊಂದನ್ನು ಮುಟ್ಟಿದಾಗ ನಿಮ್ಮ ಮೂಲಕ ಕರೆಂಟ್ ಹರಿಯುವುದಿಲ್ಲ. ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ಇದನ್ನು ಮಾಡಿರುವುದೇ ಇಲ್ಲ.

ಒಂದೂ ದೀಪ ಹತ್ತುತ್ತಿಲ್ಲ, ಅಥವಾ ಒಂದು ಮಾತ್ರ ಹತ್ತುತ್ತಿಲ್ಲ

ಒಂದೇ ದೀಪ ಹೋಗಿದ್ದರೆ ಅದು ಆ ದೀಪದ ಅಥವಾ ಅದರ ಜಾಯಿಂಟಿನ ತೊಂದರೆ. ಬೋರ್ಡಿನಲ್ಲಿ ಆ ಲೈನಿನ ಎಮ್‌ಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸಣ್ಣ ಸ್ವಿಚ್) ಇಳಿಸಿ, ಪಕ್ಕದ ದೀಪದ ಬಲ್ಬ್ ತೆಗೆದು ಇಲ್ಲಿ ಹಾಕಿ, ಮತ್ತೆ ಎತ್ತಿ ನೋಡಿ. ಹತ್ತಿದರೆ ಬಲ್ಬ್ ಹೋಗಿತ್ತು ಅಷ್ಟೆ. ಹತ್ತದಿದ್ದರೆ ಮತ್ತೆ ಇಳಿಸಿ ಹೋಲ್ಡರ್ ಇಣುಕಿ ನೋಡಿ. ಒಳಗಿನ ಲೋಹದ ಪತ್ತಿ ಹಸಿರಾಗಿದ್ದರೆ ನೀರು ಬಹಳ ದಿನದಿಂದ ಒಳಗೆ ಹೋಗುತ್ತಿದೆ ಅಂತ ಅರ್ಥ.

ಎಲ್ಲವೂ ಒಟ್ಟಿಗೆ ಹೋಗಿದ್ದರೆ ದೀಪಗಳನ್ನು ಬಿಚ್ಚಲು ಹೋಗಬೇಡಿ. ಹಿಂದಕ್ಕೆ ಬನ್ನಿ. ಎಮ್‌ಸಿಬಿ ಮೇಲಿದೆಯಾ? ಟೈಮರ್ ಸರಿಯಾದ ಗಂಟೆ ತೋರಿಸುತ್ತಿದೆಯಾ? ಕರೆಂಟ್ ಹೋಗಿ ಬಂದ ಮೇಲೆ ಕೆಲವು ಟೈಮರ್‌ಗಳ ಗಡಿಯಾರ ಹಿಂದೆ ಬಿದ್ದಿರುತ್ತದೆ. ದೀಪ ಹಗಲು ಹತ್ತಿ ರಾತ್ರಿ ಆರುತ್ತಿರುತ್ತದೆ, ಮನೆಯವರು ಹೊಸ ದೀಪ ತಂದಿರುತ್ತಾರೆ. ಇದನ್ನು ನಾನೇ ಎರಡು ಸಲ ನೋಡಿದ್ದೇನೆ.

12 ವೋಲ್ಟಿನ ಸೆಟ್ ಆಗಿದ್ದರೆ ಎಲ್ಲಕ್ಕೂ ಒಂದೇ ಡ್ರೈವರ್, ಅಂದರೆ 230 ವೋಲ್ಟನ್ನು 12ಕ್ಕೆ ಇಳಿಸುವ ಡಬ್ಬಿ, ಇರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಗುಡುಗು-ಸಿಡಿಲಿನ ಮಳೆ ಬಂದು ಹೋದ ಮೇಲೆ ಎಲ್ಲ ದೀಪ ಒಟ್ಟಿಗೆ ಸತ್ತಿವೆ ಅಂದರೆ ನಾನು ಮೊದಲು ಅನುಮಾನಿಸುವುದು ಡ್ರೈವರನ್ನೇ. ಸಿಡಿಲು ನಿಮ್ಮ ಮನೆಗೇ ಹೊಡೆಯಬೇಕಿಲ್ಲ. ಲೈನಿನ ಮೇಲೆ ದೂರದಲ್ಲಿ ಬಿದ್ದರೂ ಅದರ ಹೊಡೆತ ಸಾಕು. ಡ್ರೈವರ್ ಬದಲಿಸುವಾಗಲೇ ಬೋರ್ಡಿನಲ್ಲಿ ಸರ್ಜ್ (ಹಠಾತ್ ಏರುವ ವೋಲ್ಟೇಜ್) ತಡೆಯುವ ಎಸ್‌ಪಿಡಿ ಹಾಕಿಸಿದರೆ ಮುಂದಿನ ವರ್ಷ ಇದೇ ಖರ್ಚು ತಪ್ಪೀತು. ಎಸ್‌ಪಿಡಿಗೆ ಒಳ್ಳೆಯ ಅರ್ಥಿಂಗ್ ಬೇಕು. ಅದಿಲ್ಲದಿದ್ದರೆ ಸುಮ್ನೆ ದುಡ್ಡು ದಂಡ.

ಮನೆಯ ಸ್ವಿಚ್ ಬೀಳುತ್ತದೆ

ನನಗೆ ಅತಿ ಹೆಚ್ಚು ಬರುವ ದೂರು ಇದು. ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಬಿದ್ದಿದ್ದು ಯಾವುದು ಅಂತ ಮೊದಲು ನೋಡಿ. ಬೋರ್ಡಿನಲ್ಲಿ ಸಾಲಾಗಿ ಇರುವ ಸಣ್ಣವು ಎಮ್‌ಸಿಬಿ. ಅಗಲವಾಗಿದ್ದು, ಮೇಲೆ ಟೆಸ್ಟ್ ಅಂತ ಒಂದು ಪುಟ್ಟ ಗುಂಡಿ ಇರುವುದು ಆರ್‌ಸಿಸಿಬಿ. ಎಮ್‌ಸಿಬಿ ಬಿದ್ದರೆ ಕರೆಂಟ್ ಮಿತಿ ಮೀರಿ ಹರಿದಿದೆ, ಹೆಚ್ಚಾಗಿ ಶಾರ್ಟ್. ಮಾಲಿ ಗುದ್ದಲಿ ಹಾಕಿದಾಗ ವೈರ್ ಕಡಿದಿರಬಹುದು. ಹೆಗ್ಗಣ ಕಚ್ಚಿರಬಹುದು. “ನಿನ್ನೆ ಯಾರಾದರೂ ಗಿಡ ನೆಟ್ಟರಾ?” ಅಂತ ಕೇಳಿದರೆ ಎಷ್ಟೋ ಸಲ ಅಲ್ಲೇ ಉತ್ತರ ಸಿಗುತ್ತದೆ.

ಆರ್‌ಸಿಸಿಬಿಯ ಲೆಕ್ಕ ಬೇರೆ. ಫೇಸ್‌ನಲ್ಲಿ ಹೋದ ಕರೆಂಟ್ ಎಷ್ಟು, ನ್ಯೂಟ್ರಲ್‌ನಲ್ಲಿ ವಾಪಸ್ ಬಂದದ್ದು ಎಷ್ಟು ಅಂತ ಅದು ಸದಾ ತೂಗಿ ನೋಡುತ್ತಿರುತ್ತದೆ. ಎರಡೂ ಸಮ ಇರಬೇಕು. ಮನೆಗೆ ಹಾಕುವ ಆರ್‌ಸಿಸಿಬಿ 30 ಮಿಲಿ ಆಂಪಿನದು. ವ್ಯತ್ಯಾಸ ಅಷ್ಟಾದರೆ ಬೀಳಲೇಬೇಕು, ಅದರ ಅರ್ಧ ದಾಟಿದ ಮೇಲೆ ಯಾವಾಗ ಬೇಕಾದರೂ ಬೀಳಬಹುದು. 30 ಮಿಲಿ ಆಂಪ್ ಎಷ್ಟು ಕಮ್ಮಿ ಅಂದರೆ, 9 ವ್ಯಾಟಿನ ಒಂದು ಎಲ್‌ಇಡಿ ಬಲ್ಬ್ ಅದಕ್ಕಿಂತ ಜಾಸ್ತಿ ತೆಗೆದುಕೊಳ್ಳುತ್ತದೆ.

ಈಗ “ಯಾವಾಗ” ಅನ್ನುವ ಪ್ರಶ್ನೆಗೆ ಬರೋಣ.

*ದೀಪದ ಸ್ವಿಚ್ ಹಾಕಿದ ಕ್ಷಣವೇ, ಮಳೆ ಇರಲಿ ಬಿಡಲಿ.* ಹೊಸದಾಗಿ ಸೇರಿಸಿದ ದೀಪ ಮೊದಲ ದಿನದಿಂದಲೇ ಹೀಗೆ ಮಾಡುತ್ತಿದ್ದರೆ ನೀರನ್ನು ಬೈಯಬೇಡಿ. ನ್ಯೂಟ್ರಲ್ ಎರವಲು ತಂದಿರುತ್ತಾರೆ. ಫೇಸ್ ಆರ್‌ಸಿಸಿಬಿಯಿಂದ ಬಂದಿದೆ. ನ್ಯೂಟ್ರಲ್ ಮಾತ್ರ ಹತ್ತಿರ ಸಿಕ್ಕಿತು ಅಂತ ಬೇರೆ ಬೋರ್ಡಿನಿಂದಲೋ ಇನ್ವರ್ಟರ್ ಲೈನಿನಿಂದಲೋ ಹಿಡಿದಿದ್ದಾರೆ. ಹೋದ ಕರೆಂಟ್ ಆರ್‌ಸಿಸಿಬಿಗೆ ವಾಪಸ್ ಬರಲೇ ಇಲ್ಲ, ಎಲ್ಲವೂ ಸೋರಿಕೆ ಅಂತ ಅದು ತಿಳಿಯುತ್ತದೆ. 9 ವ್ಯಾಟಿನ ಒಂದೇ ದೀಪಕ್ಕೂ ಬೀಳುತ್ತದೆ. ವೈರ್ ಕೆಟ್ಟಿಲ್ಲ, ದೀಪವೂ ಕೆಟ್ಟಿಲ್ಲ. ಬೋರ್ಡಿನಲ್ಲಿ ನ್ಯೂಟ್ರಲನ್ನು ಸರಿಯಾದ ಪಟ್ಟಿಗೆ ಹಾಕಿದರೆ ಮುಗಿಯಿತು. ಆದರೆ ಬೋರ್ಡ್ ಬಿಚ್ಚುವುದು ನಿಮ್ಮ ಕೆಲಸವಲ್ಲ. ಮೇನ್ ಇಳಿಸಿದರೂ ಮೀಟರ್ ಕಡೆಯಿಂದ ಬರುವ ವೈರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ.

*ಮಳೆ ಶುರುವಾಗಿ ಹತ್ತು ನಿಮಿಷಕ್ಕೆ.* ನೀರು ನೆಲಕ್ಕೆ ಇಳಿಯಲು ಇನ್ನೂ ಹೊತ್ತಾಗಿಲ್ಲ. ಅಂದರೆ ತೊಂದರೆ ನೆಲದ ಮೇಲೆಯೇ ಇದೆ: ಮುಚ್ಚಳ ಸಡಿಲವಾದ ಜಂಕ್ಷನ್ ಬಾಕ್ಸ್, ರಬ್ಬರ್ ಹೋದ ದೀಪ, ಗೋಡೆಯ ಮೇಲಿನ ತೆರೆದ ಸ್ವಿಚ್. ಮಳೆ ನಿಂತ ಮೇಲೆ ಎಮ್‌ಸಿಬಿ ಇಳಿಸಿ ಕಣ್ಣಲ್ಲೇ ಒಂದು ಸುತ್ತು ನೋಡಿ ಬನ್ನಿ. ಇದು ಸಿಗುವುದು ಸುಲಭ, ಸರಿ ಮಾಡುವುದೂ ಅಗ್ಗ.

*ಮಳೆ ನಿಂತು ಅರ್ಧ ದಿನವೋ, ಒಂದು ದಿನವೋ ಆದ ಮೇಲೆ.* ಇದು ನೆಲದ ಕೆಳಗಿನ ಜಾಯಿಂಟ್. ಇಲ್ಲಿ ನಮ್ಮ ಮಣ್ಣಿನ ಗುಣ ಗೊತ್ತಿರಬೇಕು. ಧಾರವಾಡದ ಪಶ್ಚಿಮಕ್ಕೆ ಕೆಂಪು ಮಣ್ಣು ಜಾಸ್ತಿ. ನೀರು ಬೇಗ ಬಸಿದು ಹೋಗುತ್ತದೆ, ಎರಡು ದಿನ ಬಿಸಿಲು ಬಿದ್ದರೆ ಸ್ವಿಚ್ ಮತ್ತೆ ಬೀಳದೆ ಮೇಲೇ ನಿಲ್ಲುತ್ತದೆ. ಹುಬ್ಬಳ್ಳಿಯಿಂದ ನವಲಗುಂದ, ಗದಗ ಕಡೆ ಹೋದಂತೆ ಎರೆ ಮಣ್ಣು. ಅದು ನೀರು ಕುಡಿದು ಉಬ್ಬುತ್ತದೆ, ವಾರಗಟ್ಟಲೆ ಬಿಡುವುದಿಲ್ಲ. ಬೇಸಿಗೆಯಲ್ಲಿ ಅದೇ ಮಣ್ಣು ಕೈ ಹೋಗುವಷ್ಟು ಬಿರಿಯುತ್ತದೆ. ವರ್ಷಕ್ಕೊಮ್ಮೆ ಹೀಗೆ ಉಬ್ಬಿ ಕುಗ್ಗುವಾಗ ಅದರೊಳಗಿನ ಪಿವಿಸಿ ಪೈಪನ್ನೂ ಎಳೆದಾಡುತ್ತದೆ. ಪೈಪಿನ ಕೂಡು ಬಿಟ್ಟುಕೊಳ್ಳುತ್ತದೆ, ಒಳಗಿನ ವೈರ್ ಬಿಗಿಯಾಗಿ ಜಾಯಿಂಟ್ ಮೇಲೆ ಜಗ್ಗುತ್ತದೆ.

ಗದಗ ರಸ್ತೆ ಕಡೆ ಒಂದು ಮನೆಯಲ್ಲಿ ಹೀಗೇ ಆಗಿತ್ತು. ಮೂರು ಮಳೆಗಾಲ ಅವರು ದೀಪ ಬದಲಿಸಿದರು, ಡ್ರೈವರ್ ಬದಲಿಸಿದರು, ಕೊನೆಗೆ ಆರ್‌ಸಿಸಿಬಿಯನ್ನೇ ಬದಲಿಸಿದರು. ಹುಲ್ಲು ಕಿತ್ತು ಅಗೆದರೆ ಮೊಣಕಾಲುದ್ದ ಕೆಳಗೆ ಒಂದು ಜಾಯಿಂಟ್. ಕಪ್ಪು ಟೇಪ್ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ಕಟ್ಟಿದ್ದರು. ಕ್ಯಾರಿಬ್ಯಾಗಿನ ತುಂಬ ನೀರು! ಬಿಚ್ಚಿದರೆ ತಾಮ್ರ ಹಸಿರು ಪುಡಿಯಾಗಿ ಉದುರಿತು. ಮನೆಯ ಅಜ್ಜಿ ಪಕ್ಕದಲ್ಲೇ ನಿಂತಿದ್ದರು. “ಉಪ್ಪಿನಕಾಯಿ ಭರಣಿಗೂ ಇದಕ್ಕಿಂತ ಚಲೋ ಅರಿವಿ ಕಟ್ತೀನಲ್ಲೋ ತಮ್ಮಾ” ಅಂದರು.

ಟೇಪ್ ಅನ್ನುವುದು ಒಣ ಜಾಗದ ಸಾಮಾನು. ನೆಲದ ಕೆಳಗೆ ಜಾಯಿಂಟ್ ಇಲ್ಲದಿರುವುದೇ ಒಳ್ಳೆಯದು. ಒಂದು ದೀಪದಿಂದ ಇನ್ನೊಂದಕ್ಕೆ ಅಖಂಡ ಕೇಬಲ್ ಎಳೆದು, ಜಾಯಿಂಟನ್ನು ನೆಲದಿಂದ ಮೇಲಿರುವ ಬಾಕ್ಸಿನಲ್ಲಿ ಮಾಡಬೇಕು. ಕೆಳಗೆ ಮಾಡಲೇಬೇಕಾಗಿ ಬಂದರೆ ಜೆಲ್ ಅಥವಾ ರೆಸಿನ್ ತುಂಬುವ ಕಿಟ್ ಬರುತ್ತದೆ, ಅದನ್ನೇ ಹಾಕಿಸಿ. ಎರೆ ಮಣ್ಣಿದ್ದರೆ ಆರ್ಮರ್ಡ್ (ಲೋಹದ ಕವಚ ಇರುವ) ಕೇಬಲ್ ಹಾಕಿ, ಸುತ್ತ ಮರಳು ತುಂಬಿ, ಅಲ್ಲಲ್ಲಿ ಒಂದು ಸುರುಳಿ ಸಡಿಲ ಬಿಡಿ. ಮಣ್ಣು ಎಳೆದಾಗ ಕೇಬಲ್ ಹೋಗಲು ಜಾಗ ಬೇಕಲ್ವಾ.

*ಪಂಪ್ ಶುರುವಾದಾಗ ಮಾತ್ರ.* ದೀಪದ ತಪ್ಪಿಲ್ಲ. ಪಂಪಿನ ಸೀಲ್ ಸೋರಿ ಮೋಟಾರಿಗೆ ನೀರು ಇಳಿದಿರಬಹುದು. ಪಂಪ್ ಕೆಳಗೆ ನೆಲ ಒದ್ದೆ ಇದೆಯಾ ನೋಡಿ. ದೀಪ ಹೊಸದು ಅನ್ನುವ ಒಂದೇ ಕಾರಣಕ್ಕೆ ಅದರ ಮೇಲೆ ಆರೋಪ ಹೊರಿಸುವುದು ನಮ್ಮ ರೂಢಿ.

*ಬೆಳಗಿನ ಜಾವ, ಮಳೆ ಇಲ್ಲದಿದ್ದರೂ.* ಇಬ್ಬನಿ. ಯಾವುದೋ ಬಾಕ್ಸಿನೊಳಗೆ ತೇವ ಕೂರುತ್ತಿದೆ. ಡಿಸೆಂಬರ್, ಜನವರಿಯಲ್ಲಿ ಇದು ಕಾಣುತ್ತದೆ.

ಇನ್ನು ಮನೆಯವರೇ ಮಾಡಬಹುದಾದ ಒಂದು ಪರೀಕ್ಷೆ. ಎಲ್ಲ ಎಮ್‌ಸಿಬಿ ಇಳಿಸಿ. ಆರ್‌ಸಿಸಿಬಿ ಎತ್ತಿ. ನಿಂತರೆ ಒಂದೊಂದೇ ಎಮ್‌ಸಿಬಿ ಎತ್ತುತ್ತಾ ಬನ್ನಿ. ಯಾವುದನ್ನು ಎತ್ತಿದಾಗ ಬಿತ್ತೋ ಅದರಲ್ಲಿ ತೊಂದರೆ. ಅದನ್ನು ಇಳಿಸಿಯೇ ಇಟ್ಟು ಉಳಿದ ಮನೆಗೆ ಕರೆಂಟ್ ಕೊಡಿ, ರಾತ್ರಿ ಕಳೆಯಿರಿ. ಎಲ್ಲ ಎಮ್‌ಸಿಬಿ ಕೆಳಗಿದ್ದರೂ ಆರ್‌ಸಿಸಿಬಿ ನಿಲ್ಲದಿದ್ದರೆ ಸುಮ್ಮನಾಗಿ. ಒಂಟಿ ಎಮ್‌ಸಿಬಿ ಕತ್ತರಿಸುವುದು ಫೇಸ್ ಮಾತ್ರ, ನ್ಯೂಟ್ರಲ್ ಜೋಡಿಸಿಯೇ ಇರುತ್ತದೆ. ಆ ನ್ಯೂಟ್ರಲ್ ಎಲ್ಲೋ ಒದ್ದೆಯಲ್ಲಿ ಅರ್ಥ್‌ಗೆ ತಾಗಿರಬಹುದು, ಇಲ್ಲವೇ ಆರ್‌ಸಿಸಿಬಿಯೇ ಕೆಟ್ಟಿರಬಹುದು. ಎರಡಕ್ಕೂ ಎಲೆಕ್ಟ್ರಿಷಿಯನ್ ಬೇಕು. ಬಿದ್ದ ಸ್ವಿಚ್ಚನ್ನು ಎರಡು ಸಲಕ್ಕಿಂತ ಜಾಸ್ತಿ ಎತ್ತಬೇಡಿ.

ಒಂದು ಕೆಟ್ಟ ಸಲಹೆ ಊರಲ್ಲಿ ಓಡಾಡುತ್ತದೆ. “ಆರ್‌ಸಿಸಿಬಿ ತಗದು ನೇರ ಜೋಡಸ್ರಿ, ಕಿರಿಕಿರಿ ಇರಂಗಿಲ್ಲ.” ಇನ್ನು ಕೆಲವರು 30ರ ಜಾಗದಲ್ಲಿ 100 ಅಥವಾ 300 ಮಿಲಿ ಆಂಪಿನದು ಹಾಕುತ್ತಾರೆ. 300ರದ್ದು ಬೆಂಕಿ ತಡೆಯಲು ಇರುವುದು, ಮನುಷ್ಯನನ್ನು ಉಳಿಸಲು ಅಲ್ಲ. ಹಾಗೆ ಮಾಡಿದವರ ಮನೆಯಲ್ಲಿ ಮರುದಿನದಿಂದ ಸ್ವಿಚ್ ಬೀಳುವುದಿಲ್ಲ ನಿಜ. ಸೋರಿಕೆ ಮಾತ್ರ ಹಾಗೇ ನೀರಿನ ಪಕ್ಕ ಕೂತಿರುತ್ತದೆ. ಸ್ವಿಚ್ ಬಿದ್ದು ಮನೆಯೆಲ್ಲಾ ಕತ್ತಲಾಗುವುದು ಕಿರಿಕಿರಿ ಅನಿಸಿದರೆ ಪೂಲ್ ದೀಪಕ್ಕೆ, ಪಂಪಿಗೆ ಬೇರೆ ಬೇರೆ 30 ಮಿಲಿ ಆಂಪಿನ ಆರ್‌ಸಿಸಿಬಿ ಹಾಕಿಸಿ. ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ. ಒತ್ತಿದಾಗ ಬೀಳದಿದ್ದರೆ ಅಂದೇ ಬದಲಿಸಿ, ಅಲ್ಲಿಯವರೆಗೆ ಪೂಲ್ ಕಡೆಯ ಕರೆಂಟ್ ಬಂದ್.

ಮೊದಲ ದೀಪ ಜೋರು, ಕೊನೆಯದು ಮಂಕು

ಇದು 12 ವೋಲ್ಟಿನ ಸೆಟ್‌ಗಳ ರೋಗ. ಅಪಾಯವಿಲ್ಲ, ಬೇಜಾರಷ್ಟೆ. ಕೊನೆಯ ದೀಪ ತೆಗೆದು ಮೊದಲ ಜಾಗದಲ್ಲಿ ಹಾಕಿ. ಅಲ್ಲಿ ಜೋರಾಗಿ ಉರಿದರೆ ದೀಪ ಚೆನ್ನಾಗಿದೆ, ವೈರ್ ಸಣ್ಣದು.

ಲೆಕ್ಕ ಹೀಗೆ. 60 ವ್ಯಾಟ್ ದೀಪಕ್ಕೆ 12 ವೋಲ್ಟಿನಲ್ಲಿ 5 ಆಂಪ್ ಬೇಕು. ಅದೇ 60 ವ್ಯಾಟಿಗೆ 230 ವೋಲ್ಟಿನಲ್ಲಿ ಕಾಲು ಆಂಪ್ ಸಾಕಿತ್ತು. ಡ್ರೈವರಿನಿಂದ ದೀಪ 20 ಮೀಟರ್ ದೂರ ಇದ್ದರೆ ಕರೆಂಟ್ ಹೋಗಿ ಬರುವ ದಾರಿ 40 ಮೀಟರ್. ಒಂದೂವರೆ ಎಂಎಂ ತಾಮ್ರದ ವೈರ್ ಆ ದಾರಿಯಲ್ಲೇ ಸುಮಾರು ಎರಡೂವರೆ ವೋಲ್ಟ್ ತಿನ್ನುತ್ತದೆ. 12 ಹೊರಟು ಒಂಬತ್ತೂವರೆ ತಲುಪುತ್ತದೆ. 4 ಎಂಎಂ ವೈರ್ ಆದರೆ ಒಂದು ವೋಲ್ಟ್ ಮಾತ್ರ ಹೋಗುತ್ತದೆ. ಮನೆಯ ದೀಪಕ್ಕೆ ಒಂದೂವರೆ ಎಂಎಂ ಸಾಕು ಅನ್ನುವ ರೂಢಿಯಲ್ಲೇ ಇಲ್ಲೂ ಅದನ್ನೇ ಎಳೆದಿರುತ್ತಾರೆ.

ಡ್ರೈವರನ್ನು ದೀಪಗಳ ಹತ್ತಿರ ತರುವುದು ಸುಲಭ ಅನಿಸುತ್ತದೆ. ತರಬಹುದು, ಆದರೆ ಕೊಳದ ಅಂಚಿನಿಂದ ಕನಿಷ್ಠ ಮೂರೂವರೆ ಮೀಟರ್ ಆಚೆಯೇ ಇರಬೇಕು. ಅದಕ್ಕಿಂತ ಒಳಗೆ 230 ವೋಲ್ಟಿನ ಯಾವ ಡಬ್ಬಿಯೂ ಬೇಡ. ಇನ್ನೊಂದು ದಾರಿ ಎಂದರೆ ವೈರನ್ನು ಸಾಲಿನ ನಡುವಿನ ದೀಪಕ್ಕೆ ತಂದು ಅಲ್ಲಿಂದ ಎರಡೂ ಕಡೆ ಹಂಚುವುದು. ಹೊಸದಾಗಿ ಹಾಕಿಸುವವರು ಸುತ್ತಲಿನ ದೀಪಕ್ಕೆ 24 ವೋಲ್ಟಿನ ಸೆಟ್ ಕೇಳಿ. ಕರೆಂಟ್ ಅರ್ಧಕ್ಕೆ ಇಳಿಯುತ್ತದೆ, ನಷ್ಟವೂ ಇಳಿಯುತ್ತದೆ. ನೀರೊಳಗಿನ ದೀಪಕ್ಕೆ ಮಾತ್ರ 12 ವೋಲ್ಟೇ ಇರಲಿ.

ಹತ್ತಿ ಆರಿ, ಹತ್ತಿ ಆರಿ

ಕತ್ತಲಾದಾಗ ತಾನೇ ಹತ್ತುವ ಸೆನ್ಸರ್ ಇದೆಯಾ? ಅದರ ಮೇಲೆ ಒಂದು ಕಪ್ಪು ಬಟ್ಟೆ ಹೊದಿಸಿ. ದೀಪ ಸ್ಥಿರವಾಗಿ ನಿಂತರೆ ಕಾರಣ ಸಿಕ್ಕಿತು. ದೀಪ ಹತ್ತಿದ ಕೂಡಲೇ ಅದರ ಬೆಳಕು ನೀರಿಗೆ ಬಿದ್ದು, ಅಲ್ಲಿಂದ ಸೆನ್ಸರಿಗೆ ಹೊಡೆಯುತ್ತದೆ. ಬೆಳಗಾಯಿತು ಅಂತ ತಿಳಿದು ಅದು ಆರಿಸುತ್ತದೆ. ಆರಿದ ಮೇಲೆ ಮತ್ತೆ ಕತ್ತಲು, ಮತ್ತೆ ಹತ್ತಿಸುತ್ತದೆ. ಪಾಪ, ಅದು ತನ್ನ ಕೆಲಸವನ್ನೇ ಮಾಡುತ್ತಿದೆ. ನೀರಿಗೆ ಬೆನ್ನು ಮಾಡಿ ಬೇರೆ ಗೋಡೆಗೆ ಹಾಕಿದರೆ ಸರಿಹೋಗುತ್ತದೆ.

ಅರ್ಧ ಗಂಟೆ ಚೆನ್ನಾಗಿ ಉರಿದು, ಆಮೇಲೆ ಆರಿ, ತಣ್ಣಗಾದ ಮೇಲೆ ಮತ್ತೆ ಹತ್ತುವುದು ಬಿಸಿಯ ಲಕ್ಷಣ. ಡ್ರೈವರನ್ನು ಪಶ್ಚಿಮದ ಗೋಡೆಗೆ, ಗಾಳಿಯಾಡದ ಡಬ್ಬಿಯಲ್ಲಿ ಇಟ್ಟಿದ್ದಾರಾ ನೋಡಿ. ಏಪ್ರಿಲ್ ಬಿಸಿಲಿಗೆ ಆ ಗೋಡೆ ಸಂಜೆ ಏಳಕ್ಕೂ ಸುಡುತ್ತಿರುತ್ತದೆ. ನೆರಳಿಗೆ ಸರಿಸಿ. 60 ವ್ಯಾಟಿನ ದೀಪಕ್ಕೆ 60 ವ್ಯಾಟಿನದೇ ಡ್ರೈವರ್ ಹಾಕಿದ್ದರೆ ದೊಡ್ಡದು ಹಾಕಿಸಿ. ಗಾಳಿ ಬೀಸಿದಾಗ ಮಿನುಗಿದರೆ ಎಲ್ಲೋ ಸ್ಕ್ರೂ ಸಡಿಲ. ಪೂಲ್ ದೀಪದ ಜೊತೆ ಮನೆಯ ದೀಪವೂ ಒಮ್ಮೆ ಪ್ರಖರ, ಒಮ್ಮೆ ಮಂಕು ಆಗುತ್ತಿದ್ದರೆ ಅದು ನ್ಯೂಟ್ರಲ್ ಬಿಡುತ್ತಿರುವ ಗುರುತು. ಟಿವಿ, ಫ್ರಿಜ್ ಸುಟ್ಟುಹೋಗುವ ಮೊದಲು ಮೇನ್ ಇಳಿಸಿ 1912ಕ್ಕೆ ಫೋನ್ ಮಾಡಿ.

ಗಾಜಿನೊಳಗೆ ನೀರು ಕಾಣುತ್ತದೆ

ಸಂಜೆ ಗಾಜಿನ ಮೇಲೆ ತೆಳ್ಳಗೆ ಮಂಜು ಕೂತು, ದೀಪ ಉರಿದ ಮೇಲೆ ಹೋಗಿಬಿಡುವುದು ಒಂದು. ಅದಕ್ಕೆ ಗಾಬರಿ ಬೇಡ, ಕಣ್ಣಿಟ್ಟಿರಿ. ತಳದಲ್ಲಿ ನೀರು ನಿಂತು ತುಳುಕುವುದು ಬೇರೆ. ಆ ದೀಪ ಈಗಲೇ ಬಂದ್.

ಗಾಜಿನ ರಬ್ಬರಿಗಿಂತ ಕೇಬಲ್ ಒಳಗೆ ಹೋಗುವ ಗ್ಲ್ಯಾಂಡನ್ನು ಮೊದಲು ನೋಡಿ. ದುಂಡನೆಯ ಗ್ಲ್ಯಾಂಡಿನಲ್ಲಿ ಚಪ್ಪಟೆ ವೈರ್ ತೂರಿಸಿದ್ದರೆ ಎಷ್ಟು ಬಿಗಿ ಮಾಡಿದರೂ ಎರಡು ಬದಿ ಸಂದು ಉಳಿಯುತ್ತದೆ. ಬೋರ್‌ವೆಲ್ ಪಂಪಿನ ಉಳಿದ ಚಪ್ಪಟೆ ಕೇಬಲನ್ನು ದೀಪಕ್ಕೆ ಬಳಸಿದ ಮನೆಗಳಲ್ಲಿ ಇದನ್ನು ಸಾಕಷ್ಟು ನೋಡಿದ್ದೇನೆ. ಕೇಬಲ್ ಮೇಲಿನಿಂದ ಇಳಿದು ನೇರ ದೀಪಕ್ಕೆ ಹೋಗುತ್ತಿದ್ದರೆ ಮಳೆನೀರು ಅದರ ಮೇಲೇ ಹರಿದು ಒಳಗೆ ಸೇರುತ್ತದೆ. ಕೇಬಲ್ ಮೊದಲು ಸ್ವಲ್ಪ ಕೆಳಗೆ ಬಾಗಿ, ಆಮೇಲೆ ಮೇಲೆದ್ದು ದೀಪಕ್ಕೆ ಹೋಗಬೇಕು. ಬಾಗಿದಲ್ಲಿ ನೀರು ತೊಟ್ಟಿಕ್ಕಿ ಹೋಗುತ್ತದೆ.

ಡಬ್ಬಿಯ ಮೇಲಿನ ಐಪಿ ಅಂಕಿ ಓದಿ. 44 ಅಂದರೆ ಹನಿ ಸಿಡಿದರೆ ತಡೆಯುತ್ತದೆ. 65 ಅಂದರೆ ಪೈಪಿನಿಂದ ನೀರು ಹೊಡೆದರೂ ತಡೆಯುತ್ತದೆ. 67 ಅಂದರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಮುಳುಗಿದರೂ ಸರಿ. ಸದಾ ನೀರೊಳಗೆ ಇರಲು 68 ಬೇಕು. ಕೊಳದ ಅಂಚಿನ ನೆಲದಲ್ಲಿ ಹುದುಗಿಸುವ ದೀಪಕ್ಕೆ 65 ಸಾಲದು. ಅಲ್ಲಿ ನೀರು ನಿಲ್ಲುತ್ತದೆ, 67ಕ್ಕೆ ಕಮ್ಮಿ ತರಬೇಡಿ.

ನೀರೊಳಗಿನ ದೀಪದಲ್ಲೇ ನೀರು ಕಂಡರೆ ನೀವು ಬಿಚ್ಚಬೇಡಿ. ಅದು 12 ವೋಲ್ಟಿನದು ಹೌದಾ ಅಂತ ಮೊದಲು ಖಾತ್ರಿ ಮಾಡಿಸಿ. ನೀರೊಳಗೆ 12 ವೋಲ್ಟಿನದೇ ಇರಬೇಕು, ಅದಕ್ಕೆ ಕರೆಂಟ್ ಕೊಡುವುದು ಸೇಫ್ಟಿ ಐಸೊಲೇಟಿಂಗ್ ಟ್ರಾನ್ಸ್‌ಫಾರ್ಮರ್ ಆಗಿರಬೇಕು. ಕೊಳ ತೊಳೆಯಲು ನೀರು ಇಳಿಸಿದಾಗ ಆ ದೀಪ ಹಚ್ಚಲೂಬೇಡಿ. ಬಹಳಷ್ಟು ದೀಪಗಳಿಗೆ ಸುತ್ತಲಿನ ನೀರೇ ತಂಪು ಕೊಡುವುದು.

ಇನ್ನೊಂದು ವಿಷಯ. ಮಳೆಯೇ ಬಾರದ ಪಂಪ್ ರೂಮಿನಲ್ಲೂ ಡ್ರೈವರ್, ಸ್ವಿಚ್‌ಗಳು ತುಕ್ಕು ಹಿಡಿಯುತ್ತವೆ. ಅದೇ ಕೋಣೆಯಲ್ಲಿ ಕ್ಲೋರಿನ್ ಡಬ್ಬ, ಆಸಿಡ್ ಕ್ಯಾನ್ ಇಟ್ಟಿರುತ್ತಾರೆ. ಮುಚ್ಚಳ ಹಾಕಿದ್ದರೂ ಅದರ ಹಬೆ ಲೋಹವನ್ನು ತಿನ್ನುತ್ತದೆ. ಔಷಧಿ ಡಬ್ಬಗಳನ್ನು ಬೇರೆ ಕಡೆ ಇಡುವುದಕ್ಕೆ ಖರ್ಚೇನೂ ಇಲ್ಲ. ಕ್ಲೋರಿನನ್ನೂ ಆಸಿಡ್ಡನ್ನೂ ಒಂದೇ ಕಡೆ ಇಡಲೇಬೇಡಿ. ಅವೆರಡು ಬೆರೆತರೆ ಬರುವ ಗ್ಯಾಸ್ ವಿಷ.

ಆರಿಸಿದರೂ ಮಿಣಮಿಣ ಉರಿಯುತ್ತದೆ

ಸ್ವಿಚ್ಚಿನಲ್ಲಿ ಕೆಂಪು ಇಂಡಿಕೇಟರ್ ದೀಪ ಇದ್ದರೆ ಅದರ ಮೂಲಕ ಹರಿಯುವ ಚೂರು ಕರೆಂಟೇ ಎಲ್‌ಇಡಿಗೆ ಸಾಕಾಗುತ್ತದೆ. ಇದು ನಿರುಪದ್ರವಿ. ಇಂಡಿಕೇಟರ್ ಇಲ್ಲದೆಯೂ ಹೀಗಾದರೆ ಸ್ವಿಚ್ಚನ್ನು ಫೇಸ್ ಬದಲು ನ್ಯೂಟ್ರಲಿಗೆ ಹಾಕಿರಬಹುದು. ಆಗ ಸ್ವಿಚ್ ಆರಿಸಿದರೂ ದೀಪದ ತನಕ ಫೇಸ್ ಬಂದು ನಿಂತಿರುತ್ತದೆ. ಬಲ್ಬ್ ಬದಲಿಸಲು ಒದ್ದೆ ನೆಲದಲ್ಲಿ ನಿಂತವರಿಗೆ ಹೊಡೆಯುತ್ತದೆ. ಸರಿ ಮಾಡಿಸುವವರೆಗೆ ಆ ದೀಪ ಮುಟ್ಟುವಾಗೆಲ್ಲ ಮೇನ್ ಇಳಿಸಿ.

ದೀಪ ಸರಿ ಇದೆ, ಆದರೆ ನೀರ ತುಂಬ ಹುಳ, ತಳವೂ ಕಾಣುವುದಿಲ್ಲ

ವೈರಿಂಗ್ ದೋಷ ಅಲ್ಲ, ಆದರೂ ಬಹಳ ಜನ ಕೇಳುತ್ತಾರೆ. ಮುಂಗಾರು ಶುರುವಿನಲ್ಲಿ ರೆಕ್ಕೆ ಹುಳ ಏಳುತ್ತವೆ. ನೀಲಿ ಛಾಯೆಯ ಬಿಳಿ ಬೆಳಕಿಗೆ ಜಾಸ್ತಿ, ಹಳದಿ ಬೆಳಕಿಗೆ ಕಮ್ಮಿ ಬರುತ್ತವೆ. 6500ರ ಬದಲು 2700 ಅಥವಾ 3000 ಕೆಲ್ವಿನ್ ಅಂತ ಬರೆದ ಬಲ್ಬ್ ಹಾಕಿ. ತಳ ಕಾಣದಿರುವುದಕ್ಕೆ ದೀಪ ಕಮ್ಮಿ ಅಂತ ಇನ್ನೆರಡು ಸೇರಿಸಬೇಡಿ. ಎದುರಿನಿಂದ ಬರುವ ಬೆಳಕು ನೀರಿನ ಮೇಲ್ಮೈಯಿಂದ ಕಣ್ಣಿಗೆ ಹೊಡೆಯುತ್ತಿದೆ. ದೀಪದ ಮುಖ ಕೆಳಕ್ಕೆ ತಿರುಗಿಸಿ, ಮೊಣಕಾಲ ಎತ್ತರಕ್ಕೆ ಇಳಿಸಿ. ಮಕ್ಕಳು ಈಜುವ ಮನೆಯಲ್ಲಿ ತಳ ಕಾಣುವುದು ಅಂದಕ್ಕಿಂತ ಮುಖ್ಯ.

ದೀಪಾವಳಿಗೆ ಸೀರಿಯಲ್ ಸೆಟ್ ತಂದು ಪೂಲ್ ರೇಲಿಂಗಿಗೆ ಸುತ್ತುವುದು ಒಂದಿದೆ. ಆ ತೆಳು ವೈರ್ ಸ್ಟೀಲ್ ರೇಲಿಂಗಿಗೆ ಉಜ್ಜಿ ಸಿಪ್ಪೆ ಏಳಲು ನಾಲ್ಕು ದಿನ ಸಾಕು. ಗೇಟಿಗೆ ಹಾಕಿಕೊಳ್ಳಿ.

ಎಲೆಕ್ಟ್ರಿಷಿಯನ್ ಬಂದಾಗ

ಪರವಾನಗಿ ಇರುವವರನ್ನೇ ಕರೆಯಿರಿ. ವೈರಿನ ಸಿಪ್ಪೆ (ಇನ್ಸುಲೇಶನ್) ಎಷ್ಟು ಗಟ್ಟಿ ಇದೆ ಅಂತ ಅಳೆಯುವ ಮೆಗ್ಗರ್ ತನ್ನಿ ಅಂತ ಫೋನಿನಲ್ಲೇ ಹೇಳಿ. ಬರೀ ಟೆಸ್ಟರ್ ಹಿಡಿದು ಬಂದವರು ನೆಲದ ಕೆಳಗಿನ ಸೋರಿಕೆ ಹುಡುಕಲಾರರು. 230 ವೋಲ್ಟಿನ ಕೇಬಲಿಗೆ 500 ವೋಲ್ಟಿನ ಮೆಗ್ಗರ್ ಹಾಕಿದಾಗ ಕನಿಷ್ಠ ಒಂದು ಮೆಗಾಓಮ್ ಬರಬೇಕು. ಹೊಸ ಕೇಬಲ್ ಆದರೆ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಬರುತ್ತದೆ. ಅಳೆಯುವ ಮೊದಲು ಎಲ್‌ಇಡಿ ಮತ್ತು ಡ್ರೈವರ್ ಬಿಚ್ಚಿದ್ದಾರಾ ನೋಡಿ, ಇಲ್ಲದಿದ್ದರೆ ಆ 500 ವೋಲ್ಟಿಗೆ ಅವೇ ಸುಡುತ್ತವೆ. ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಅಳೆಸಿ ಎರಡೂ ಅಂಕಿ ಬರೆದಿಟ್ಟುಕೊಳ್ಳಿ. ಮಳೆಗಾಲದ ಅಂಕಿ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ ಸ್ವಿಚ್ ಬೀಳುವ ಮೊದಲೇ ಗೊತ್ತಾಗುತ್ತದೆ.

ಅರ್ಥ್ ಗುಂಡಿಯನ್ನೂ ಅಳೆಸಿ, ಅದೂ ಮೇ ತಿಂಗಳಲ್ಲಿ. ಎರೆ ಮಣ್ಣು ಒಣಗಿ ಕುಗ್ಗಿದಾಗ ಗುಂಡಿಯೊಳಗಿನ ಪೈಪಿನಿಂದ ದೂರ ಸರಿದಿರುತ್ತದೆ. ಆಗಸ್ಟ್‌ನಲ್ಲಿ ಚೆಂದ ಇದ್ದ ಅರ್ಥಿಂಗ್ ಆಗ ಹೆಸರಿಗೆ ಮಾತ್ರ. ಬೇಸಿಗೆಯಲ್ಲಿ ವಾರಕ್ಕೊಂದೆರಡು ಕೊಡ ನೀರು ಹಾಕುವ ಹಳೆಯ ರೂಢಿ ಸರಿಯೇ ಇದೆ.

ಹೊಸದಾಗಿ ಅಗೆಸಿ ಕೇಬಲ್ ಹಾಕಿಸುತ್ತಿದ್ದರೆ ಮಣ್ಣು ಮುಚ್ಚುವ ಮುಂಚೆ ಮೊಬೈಲಿನಲ್ಲಿ ನಾಲ್ಕು ಫೋಟೊ ತೆಗೆಯಿರಿ. ಕೇಬಲ್ ಪಕ್ಕ ಒಂದು ಅಳತೆ ಟೇಪ್ ಹಿಡಿದು, ಗೋಡೆಯಿಂದ ಎಷ್ಟು ಅಡಿ, ಎಷ್ಟು ಆಳ ಅಂತ ಕಾಣುವ ಹಾಗೆ. ಒಂದು ಪ್ರತಿ ಬೋರ್ಡಿನ ಬಾಗಿಲ ಒಳಗೆ ಅಂಟಿಸಿ, ಇನ್ನೊಂದನ್ನು ಮಾಲಿಗೆ ತೋರಿಸಿ.